ಎರಡು ಹಳೇ ಫೈಬರ್ ಹಾಯಿದೋಣಿಗಳಲ್ಲಿ ಒಂದನ್ನು ಆರಿಸುವುದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೈಬರ್‌ಗ್ಲಾಸ್ ವರ್ಕ್‌ಶಾಪ್ ಇದೆ. ನೀರಿನ ಟ್ಯಾಂಕು, ಕೂಲರ್ ಬಾಡಿ, ಮಷಿನ್ ಕವರ್, ಫೌಂಡ್ರಿಯವರಿಗೆ ಪ್ಯಾಟರ್ನ್, ಇವೇ ನಮ್ಮ ಕೆಲಸ. ಮ್ಯಾಟ್ ಹಾಸಿ, ರೆಸಿನ್ ಬಳಿದು, ರೋಲರ್‌ನಿಂದ ಗಾಳಿ ಹೊರಗೆ ತೆಗೆಯುವ ಈ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ಅದಕ್ಕೇ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಹಾಯಿದೋಣಿ ಕೊಳ್ಳಲು ಹೊರಟಾಗ ಮೊದಲು ಫೋನ್ ಮಾಡಿದ್ದು ನನಗೆ. "ಮಾಮಾ, ಎರಡು ಬೋಟ್ ನೋಡೇನಿ. ಎರಡೂ ಐವತ್ತು ವರ್ಷದ ಹತ್ತಿರದವು. ಯಾವುದ ತಗೋಬೇಕು ಹೇಳ್ರಿ" ಅಂದ.

ಒಂದು ವೆಸ್ಟರ್ಲಿ ಸೆಂಟಾರ್. ಇನ್ನೊಂದು ಆಲ್ಬಿನ್ ವೇಗಾ. ಎರಡೂ ಅಲ್ಲಿನ ಹಳೇ ಬೋಟ್ ಬಜಾರಿನಲ್ಲಿ ಬಹಳ ಸಿಗುವ ಜಾತಿ. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಎರಡನ್ನೂ ಮುಟ್ಟಿ, ತಟ್ಟಿ ನೋಡಿದೆ. ಆಗ ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹುಡುಗರು ಈಗ ಎಲ್ಲೆಲ್ಲೋ ಇದ್ದಾರೆ, ಯಾರಿಗಾದರೂ ಕೆಲಸಕ್ಕೆ ಬಂದೀತು. ಗೋವಾದಲ್ಲಿ ಹಳೇ ಬೋಟ್ ನೋಡುವವರಿಗೂ ಫೈಬರ್ ವಿಷಯದಲ್ಲಿ ಲೆಕ್ಕ ಇದೇ.

ಮೊದಲು ಜಾಗ, ಆಮೇಲೆ ಬೋಟು

ಅವನು ಕಳಿಸಿದ ಫೋಟೋ ನೋಡುವ ಮೊದಲೇ ನಾನು ಕೇಳಿದ್ದು ಒಂದೇ: "ನೀ ಅದನ್ನ ನಿಲ್ಲಸೋದ ಎಲ್ಲಿ?"

ಬೋಟು ವರ್ಷದ ಬಹುಪಾಲು ನಿಂತೇ ಇರುತ್ತದೆ. ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಬಾಡಿಗೆ, ತಳದ ಆಕಾರ, ಎಷ್ಟು ಹೊತ್ತಿಗೆ ಹೊರಡಬಹುದು ಅನ್ನುವುದು ಎಲ್ಲವೂ ನಿಂತಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಭರತ ಇಳಿತ ಜೋರು. ಪೋರ್ಟ್ಸ್‌ಮತ್ ಬಂದರಿನ ಒಳಗೆ ಇಳಿತದ ಹೊತ್ತಿಗೆ ದೊಡ್ಡ ಕೆಸರು ಬಯಲೇ ತೆರೆದುಕೊಳ್ಳುತ್ತದೆ. ಅಂಥ ಒಣಗುವ ಜಾಗಗಳ ಬಾಡಿಗೆ ಸದಾ ನೀರಿರುವ ಮರೀನಾಗಿಂತ ಬಹಳ ಕಡಿಮೆ. ಆದರೆ ಅಲ್ಲಿ ನಿಲ್ಲಬೇಕೆಂದರೆ ಬೋಟು ನೀರಿಲ್ಲದಾಗ ನೆಟ್ಟಗೆ ಕೂರಬೇಕು.

ಸೆಂಟಾರ್ ಕೂರುತ್ತದೆ. ಅದರ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು, ರೆಕ್ಕೆಯಂತೆ ಕೆಳಕ್ಕೆ ಇಳಿದ ಎರಡು ಭಾರದ ಕಬ್ಬಿಣದ ಕೀಲ್‌ಗಳಿವೆ. ನೀರಿನೊಳಗಿನ ಆಳ ಮೂರೇ ಅಡಿ. ವೇಗಾಕ್ಕೆ ತಳದ ನಡುವೆ ಉದ್ದಕ್ಕೂ ಹರಿದ ಒಂದೇ ಕೀಲ್, ಆಳ 1.17 ಮೀಟರ್. ನೀರು ಹೋದರೆ ಅದು ವಾಲುತ್ತದೆ. ಪಕ್ಕಕ್ಕೆ ಕಾಲು ಕಟ್ಟಬೇಕು, ಇಲ್ಲಾ ಗೋಡೆಗೆ ಆನಿಸಬೇಕು. ಅಳಿಯ ಸರದಿಯಲ್ಲಿ ಕಾದು ಹಿಡಿದಿದ್ದ ಜಾಗ ಒಣಗುವ ಜಾಗವೇ. ಅಲ್ಲಿಗೆ ಅರ್ಧ ತೀರ್ಮಾನ ಆದಂತೆ ಅಲ್ವಾ? ಆದರೂ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಇವನ ಕೈಗೆ ಬರುವ ಸೆಂಟಾರ್ ಕೊಳೆತಿದ್ದು, ವೇಗಾ ಗಟ್ಟಿಯಾಗಿದ್ದರೆ, ಜಾಗವನ್ನೇ ಬದಲಿಸುವುದು ಸೋವಿ.

ಎರಡರ ಜಾತಕ

ಸೆಂಟಾರ್ 1969ರಿಂದ 1980ರವರೆಗೆ ತಯಾರಾಯಿತು. ವಿನ್ಯಾಸ ಲಾರೆಂಟ್ ಜೈಲ್ಸ್ ಕಚೇರಿಯದು. ಎರಡು ಸಾವಿರದ ನಾನೂರಕ್ಕೂ ಹೆಚ್ಚು ಬೋಟು ಹೊರಬಂದವು. ಉದ್ದ 26 ಅಡಿ, ತೂಕ ಸುಮಾರು 3,040 ಕಿಲೋ, ಅದರಲ್ಲಿ 1,270 ಕಿಲೋ ತಳದ ಕಬ್ಬಿಣ. ವೇಗಾ ಸ್ವೀಡನ್ನಿನದು. ಪೇರ್ ಬ್ರೋಹೆಲ್ ಅನ್ನುವವರ ವಿನ್ಯಾಸ. ಅರವತ್ತರ ದಶಕದ ಮಧ್ಯದಿಂದ 1979ರವರೆಗೆ ಮೂರು ಸಾವಿರಕ್ಕೂ ಹೆಚ್ಚು ತಯಾರಾದವು. ಉದ್ದ 8.25 ಮೀಟರ್ ಅಂದರೆ 27 ಅಡಿ, ತೂಕ ಸುಮಾರು 2,300 ಕಿಲೋ, ತಳದ ಭಾರ 915 ಕಿಲೋ.

ಈ ಅಂಕಿಗಳನ್ನು ಸುಮ್ನೆ ಓದಿದರೆ ಏನೂ ಹೊಳೆಯುವುದಿಲ್ಲ. ನೀರಿಗೆ ತಾಗಿ ಕೂರುವ ಉದ್ದ ಎಷ್ಟು, ಅದರ ಮೇಲೆ ತೂಕ ಎಷ್ಟು ಎಂದು ಲೆಕ್ಕ ಹಾಕಬೇಕು. ಸೆಂಟಾರ್ ನೀರಿನಲ್ಲಿ ಸುಮಾರು 21 ಅಡಿ 4 ಇಂಚು ಉದ್ದಕ್ಕೆ ಕೂರುತ್ತದೆ, ವೇಗಾ 23 ಅಡಿಗೆ. ಈ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ವರ್ಗಮೂಲ ಮಾಡಿ, 1.34ರಿಂದ ಗುಣಿಸಿದರೆ ಇಂಥ ಭಾರದ ಬೋಟಿನ ಮೇಲ್ಮಿತಿ ವೇಗ ನಾಟ್ ಲೆಕ್ಕದಲ್ಲಿ, ಅಂದರೆ ಗಂಟೆಗೆ ಇಷ್ಟು ಸಮುದ್ರ ಮೈಲಿ ಎಂಬ ಲೆಕ್ಕದಲ್ಲಿ, ಸಿಗುತ್ತದೆ. ಸೆಂಟಾರ್‌ಗೆ 6.2, ವೇಗಾಕ್ಕೆ 6.4. ಕಾಲು ನಾಟ್ ಕೂಡ ವ್ಯತ್ಯಾಸ ಇಲ್ಲ. ಹಾಗಾಗಿ "ಇದು ಫಾಸ್ಟ್ ಬೋಟು" ಅನ್ನುವ ಮಾರುವವರ ಮಾತಿಗೆ ಬೆಲೆ ಕೊಡಬೇಡಿ.

ವ್ಯತ್ಯಾಸ ಇರುವುದು ತೂಕದಲ್ಲಿ. ಬೋಟಿನವರು ತೂಕಕ್ಕೂ ನೀರಿನ ಉದ್ದಕ್ಕೂ ಒಂದು ಅನುಪಾತ ಹಾಕುತ್ತಾರೆ. ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು 2,240ರಿಂದ ಭಾಗಿಸಿ ಟನ್ ಮಾಡಿಕೊಳ್ಳಿ. ನೀರಿನ ಉದ್ದವನ್ನು ಅಡಿಯಲ್ಲಿ ನೂರರಿಂದ ಭಾಗಿಸಿ, ಅದರ ಘನ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸೆಂಟಾರ್ 300 ದಾಟುತ್ತದೆ, ವೇಗಾ 190ರ ಒಳಗೇ ನಿಲ್ಲುತ್ತದೆ. ಅಂದರೆ ಸೆಂಟಾರ್ ಭಾರದ ಬೋಟು, ವೇಗಾ ಹಗುರ. ತೆಳು ಗಾಳಿಯಲ್ಲಿ ವೇಗಾ ಹೊರಟುಬಿಡುತ್ತದೆ, ಸೆಂಟಾರ್ ಎಂಜಿನ್ ಕೇಳುತ್ತದೆ. ಎರಡು ಕೀಲ್ ಇರುವುದರಿಂದ ಗಾಳಿಗೆ ಎದುರಾಗಿ ಓರೆಯಾಗಿ ಹತ್ತುವುದರಲ್ಲೂ ಸೆಂಟಾರ್ ಹಿಂದೆ. ಆದರೆ ಅದರ ಕ್ಯಾಬಿನ್ನಿನಲ್ಲಿ ಒಂದು ಸಂಸಾರ ಆರಾಮಾಗಿ ಕೂರಬಹುದು. ವೇಗಾದ ಅಗಲ 2.46 ಮೀಟರ್ ಅಷ್ಟೇ, ಒಳಗೆ ಇಬ್ಬರಿಗೆ ಸರಿ.

ಚಿಕ್ಕ ಬೋಟು ಅಂತ ವೇಗಾವನ್ನು ಕಡೆಗಣಿಸಬೇಡಿ. ಅಮೆರಿಕದ ಮ್ಯಾಟ್ ರುದರ್‌ಫರ್ಡ್ 2011ರಲ್ಲಿ ಇಂಥದೇ 27 ಅಡಿ ವೇಗಾದಲ್ಲಿ ಒಬ್ಬರೇ ಹೊರಟು, ಉತ್ತರ ದಕ್ಷಿಣ ಅಮೆರಿಕ ಎರಡನ್ನೂ ಸುತ್ತಿ, ಎಲ್ಲೂ ದಡ ಹತ್ತದೆ 309 ದಿನಕ್ಕೆ 2012ರಲ್ಲಿ ವಾಪಸ್ ಬಂದರು. ಅದು ಆ ಮನುಷ್ಯನ ದೊಡ್ಡತನ, ವಿನ್ಯಾಸದ ದೊಡ್ಡತನ ಕೂಡ. ಆದರೆ ನೀವು ಕೊಳ್ಳುವುದು ಅವರ ಬೋಟನ್ನಲ್ಲ. ಒಂದೇ ಅಚ್ಚಿನಿಂದ ಬಂದ ಎರಡು ಬೋಟು ಐವತ್ತು ವರ್ಷದ ನಂತರ ಎರಡು ಬೇರೆ ವಸ್ತುಗಳೇ. ಯಾರು ಇಟ್ಟುಕೊಂಡಿದ್ದರು, ಹೇಗೆ ಇಟ್ಟುಕೊಂಡಿದ್ದರು ಅನ್ನುವುದು ಒಡಲಿನ ಮೇಲೆ ಬರೆದಿರುತ್ತದೆ. ಅದನ್ನು ಓದಬೇಕು.

ಫೈಬರ್ ಓದುವುದು

ಇಂಥ ಬೋಟಿನ ಒಡಲು ಹೇಗೆ ಆಗುತ್ತದೆ ಅಂದರೆ, ಅಚ್ಚಿನ ಒಳಗೆ ಮೊದಲು ಜೆಲ್‌ಕೋಟ್, ಅಂದರೆ ಹೊರಗೆ ಕಾಣುವ ಹೊಳಪಿನ ಪದರ. ಅದರ ಮೇಲೆ ಗಾಜಿನ ಎಳೆಯ ಮ್ಯಾಟು, ನೇಯ್ದ ರೋವಿಂಗು (ದಪ್ಪ ಗಾಜಿನ ಬಟ್ಟೆ), ಮತ್ತೆ ಮ್ಯಾಟು. ಪ್ರತಿ ಪದರಕ್ಕೂ ಪಾಲಿಯೆಸ್ಟರ್ ರೆಸಿನ್ ಕುಡಿಸಬೇಕು. ಬೆಳಗಾವಿಯ ಜೂನ್, ಜುಲೈ ಜಿಟಿಜಿಟಿ ಮಳೆಯಲ್ಲಿ ಈ ಕೆಲಸ ಮಾಡಿದವರಿಗೆ ಗೊತ್ತು: ಮ್ಯಾಟು ತೇವ ಹಿಡಿದರೆ ರೆಸಿನ್ ಎಳೆಗಳ ಒಳಗೆ ಪೂರ್ತಿ ಇಳಿಯುವುದಿಲ್ಲ. ಒಣಗಿದ ಮೇಲೆ ಬಿಳಿ ಬಿಳಿ ಎಳೆ ಹಾಗೇ ಕಾಣುತ್ತದೆ. ಹೊಸದರಲ್ಲಿ ಗಟ್ಟಿಯಾಗೇ ಇರುತ್ತದೆ. ನೀರಲ್ಲಿ ವರ್ಷಗಟ್ಟಲೆ ನಿಂತಾಗ ಆ ಎಳೆಗಳ ಗುಂಟ ನೀರು ಒಳಗೆ ಹರಿಯುತ್ತದೆ.

ಅಲ್ಲಿಂದ ಹುಟ್ಟುವುದೇ ಆಸ್ಮೋಸಿಸ್ ಗುಳ್ಳೆ. ಜೆಲ್‌ಕೋಟ್ ಮೂಲಕ ನೀರು ನಿಧಾನಕ್ಕೆ ಒಳಗೆ ಹೋಗುತ್ತದೆ, ಸರಿಯಾಗಿ ಗಟ್ಟಿಯಾಗದೆ ಉಳಿದ ರೆಸಿನ್ನಿನ ಜೊತೆ ಬೆರೆತು ಆಮ್ಲದಂಥ ದ್ರವ ಆಗುತ್ತದೆ. ಆ ದ್ರವ ಇನ್ನಷ್ಟು ನೀರನ್ನು ಎಳೆಯುತ್ತದೆ. ಒತ್ತಡ ಜಾಸ್ತಿಯಾಗಿ ಹೊರಪದರ ಉಬ್ಬುತ್ತದೆ. ಬೋಟನ್ನು ನೀರಿನಿಂದ ಎತ್ತಿದ ಕೂಡಲೇ ತಳದ ಮೇಲೆ ಅಂಗೈ ಆಡಿಸಿ ನೋಡಿ, ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ. ನಾವು ನೋಡಿದ ವೇಗಾದಲ್ಲಿ ಚುಕ್ಕಾಣಿಯ ಹತ್ತಿರ ಹೆಬ್ಬೆರಳ ಉಗುರಿನಷ್ಟು ದೊಡ್ಡ ಗುಳ್ಳೆಗಳಿದ್ದವು. ಮಾಲೀಕರ ಒಪ್ಪಿಗೆ ಪಡೆದು ಒಂದನ್ನು ಚುಚ್ಚಿದೆವು. ಚುಚ್ಚುವಾಗ ಕನ್ನಡಕ ಹಾಕಿಕೊಳ್ಳಿ, ದ್ರವ ಚಿಮ್ಮುತ್ತದೆ. ವಿನೆಗರ್‌ನಂಥ ಹುಳಿ ವಾಸನೆ, ಬೆರಳಿಗೆ ಜಿಡ್ಡು. ಅದು ಆಸ್ಮೋಸಿಸ್ಸೇ. ವಾಸನೆ ಇಲ್ಲದೆ ಬರೀ ನೀರು ಬಂದರೆ ಬಣ್ಣದ ಪದರದ ಗುಳ್ಳೆ ಇರಬಹುದು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಆಸ್ಮೋಸಿಸ್ ಹೆಸರು ಕೇಳಿ ಜನ ಬಹಳ ಹೆದರುತ್ತಾರೆ, ಅಷ್ಟು ಹೆದರಬೇಕಿಲ್ಲ. ಆ ಕಾಲದ ಒಡಲುಗಳನ್ನು ದಪ್ಪವಾಗಿ ಹಾಕಿದ್ದಾರೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಕೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಅನ್ನುವ ಗಟ್ಟಿ ರೆಸಿನ್ ತುಂಬಿದರೆ ಸಾಕು. ಬೆಲೆ ಇಳಿಸಲು ಒಳ್ಳೇ ಕಾರಣ ಅದು, ಓಡಿಹೋಗಲು ಕಾರಣ ಅಲ್ಲ. ತಳದ ತುಂಬಾ ಗುಳ್ಳೆ ಇದ್ದರೆ ಜೆಲ್‌ಕೋಟ್ ಪೂರ್ತಿ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕಾಗುತ್ತದೆ. ಆಗ ಮಾತ್ರ ಬಿಡಿ.

ನಾನು ಹೆದರುವುದು ಡೆಕ್ಕಿಗೆ, ಅಂದರೆ ಬೋಟಿನ ಮೇಲೆ ನಾವು ನಡೆದಾಡುವ ನೆಲಕ್ಕೆ. ಡೆಕ್ ಹಗುರವಾಗಿಯೂ ಬಿಗಿಯಾಗಿಯೂ ಇರಲಿ ಅಂತ ಎರಡು ಫೈಬರ್ ಪದರದ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಡುವ ಪದ್ಧತಿ ಇದೆ. ವಿಧಾನ ಒಳ್ಳೆಯದೇ. ಗೋವಾದ ದಿವಾಡ ದ್ವೀಪದಲ್ಲಿ ಕಟ್ಟಿದ ನೌಕಾಪಡೆಯ 56 ಅಡಿಯ ಐಎನ್‌ಎಸ್‌ವಿ ಮ್ಹಾದೇಯಿ ಕೂಡ ಮರದ ಪಟ್ಟಿಗಳಿಗೆ ಫೈಬರ್‌ಗ್ಲಾಸ್ ಹೊದಿಸಿದ ಬೋಟೇ. ಅದರಲ್ಲೇ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲೂ ನಿಲ್ಲದೇ ಸುತ್ತಿದರು. ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಆ ಬೋಟಿಗೆ ಇದೆ ಅನ್ನುವುದು ನನಗೆ ಯಾವತ್ತೂ ಖುಷಿ ಕೊಡುವ ವಿಷಯ. ಮರ ಒಣಗಿದ್ದರೆ ಅಷ್ಟು ಗಟ್ಟಿ. ಆದರೆ ಹಳೇ ಬೋಟಿನ ಡೆಕ್ ಮೇಲೆ ಯಾರೋ ಯಾವಾಗಲೋ ಒಂದು ಕೊಂಡಿ ಕೂರಿಸಲು ತೂತು ಹಾಕಿ, ಸೀಲಂಟ್ ಸರಿಯಾಗಿ ಹಚ್ಚದೆ ಬಿಟ್ಟಿರುತ್ತಾರೆ. ಆ ಬೋಲ್ಟಿನ ಸುತ್ತ ಮಳೆನೀರು ಇಳಿದು ಮರ ಕೊಳೆಯುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ.

ಪತ್ತೆ ಮಾಡಲು ಒಂದು ಪ್ಲಾಸ್ಟಿಕ್ ಸುತ್ತಿಗೆ, ಇಲ್ಲಾ ಸ್ಕ್ರೂಡ್ರೈವರಿನ ಹಿಡಿ ಸಾಕು. ಖಾನಾಪುರದ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿಂದ ಬಾರಿಸಿ ನೋಡುತ್ತೇವಲ್ಲ, ಹಾಗೇ ಡೆಕ್ ಉದ್ದಕ್ಕೂ ಗೇಣಿಗೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟಲ್ಲಿ, ಮರ ಕೊಳೆತಲ್ಲಿ ದಬ್ ಅನ್ನುತ್ತದೆ. ದಬ್ ಅಂದ ಜಾಗದ ಸುತ್ತ ಪೆನ್ಸಿಲ್ಲಿನಿಂದ ಗೆರೆ ಹಾಕಿ. ಕೊನೆಗೆ ದೂರ ನಿಂತು ನೋಡಿದರೆ ಕೊಳೆತದ ನಕ್ಷೆಯೇ ಸಿಗುತ್ತದೆ. ಆಮೇಲೆ ಬರಿಗಾಲಲ್ಲಿ ನಡೆದಾಡಿ. ಕಾಲಡಿ ಸ್ವಲ್ಪ ಕುಸಿದಂತೆ ಅನ್ನಿಸಿದರೆ ಒಳಗಿನ ಮರ ಹೋಗಿದೆ ಅಂತಲೇ ತಿಳಿಯಿರಿ. ಒಂದು ಊಟದ ತಟ್ಟೆಯಷ್ಟು ಜಾಗವಾದರೆ ರಿಪೇರಿ ಮಾಡಿಕೊಳ್ಳಬಹುದು. ಅರ್ಧ ಡೆಕ್ ಆದರೆ ಆ ಖರ್ಚಿಗೆ ಇನ್ನೊಂದು ಬೋಟೇ ಬರುತ್ತದೆ.

ನಕ್ಷತ್ರದ ಹಾಗೆ ಹರಡಿದ ಬಿರುಕುಗಳನ್ನೂ ನೋಡಿ. ಕಂಬಿಯ ಬುಡದಲ್ಲಿ, ಕೊಂಡಿಯ ಸುತ್ತ ಇದ್ದರೆ ಅಲ್ಲಿ ಎಳೆತ ಜಾಸ್ತಿ ಬಿದ್ದಿದೆ. ಜೆಲ್‌ಕೋಟ್ ಸುಣ್ಣದ ಹಾಗೆ ಕೈಗೆ ಹತ್ತಿದರೆ ಅದು ಬಿಸಿಲಿನ ಕೆಲಸ. ಉಜ್ಜಿದರೆ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಂದೊಂದರ ನೋವಿನ ಜಾಗ

ಪ್ರತಿ ಮಾಡೆಲ್ಲಿಗೂ ಅದರದೇ ಆದ ಬಲಹೀನ ಜಾಗ ಇರುತ್ತದೆ. ಸೆಂಟಾರ್‌ನದು ಕೀಲ್ ಬುಡ. ಕೆಸರಲ್ಲಿ ಕೂತು ಏಳುವಾಗ ಎರಡೂ ಕೀಲ್‌ಗಳು ಪಕ್ಕಕ್ಕೆ ಒದ್ದುಕೊಳ್ಳುತ್ತವೆ, ಆ ಎಳೆತ ಒಡಲಿಗೆ ಬೀಳುತ್ತದೆ. ಹೊರಗಿನಿಂದ ಕೀಲ್ ಮತ್ತು ಒಡಲು ಸೇರುವ ಗೆರೆಯಲ್ಲಿ ಬಿರುಕಿದೆಯಾ, ತುಕ್ಕಿನ ಕಂದು ನೀರು ಇಳಿದಿದೆಯಾ ನೋಡಿ. ಒಳಗೆ ನೆಲದ ಹಲಗೆ ಎತ್ತಿ, ಕೀಲ್ ಬೋಲ್ಟುಗಳ ಸುತ್ತ ಟಾರ್ಚ್ ಬಿಡಿ. ಹಿಂದಿನ ಮಾಲೀಕರು ಅಲ್ಲಿ ಹೆಚ್ಚುವರಿ ಫೈಬರ್ ಹಾಕಿಸಿ ಬಲಪಡಿಸಿದ್ದರೆ ಬಹಳ ಒಳ್ಳೇದು, ಬಿಲ್ ಕೇಳಿ. ನಾವು ನೋಡಿದ ಬೋಟಿನಲ್ಲಿ ಅದು ಆಗಿತ್ತು. ಕೆಲಸ ಅಚ್ಚುಕಟ್ಟಾಗಿತ್ತು, ಅಂಚುಗಳನ್ನು ಇಳಿಜಾರಾಗಿ ತೇದು ಪದರ ಹಾಕಿದ್ದರು. ಮೆಟ್ಟಿಲಿನಂತೆ ನಿಂತ ಅಂಚು ಕಂಡರೆ ಅದು ಅವಸರದ ಕೆಲಸ, ಎದ್ದು ಬರುತ್ತದೆ. ಇನ್ನು ಕ್ಯಾಬಿನ್ ಚಾವಣಿಯ ಬಟ್ಟೆ ಜೋತು ಬೀಳುವುದು ಈ ವಯಸ್ಸಿನ ಬೋಟುಗಳಲ್ಲಿ ಸಾಮಾನ್ಯ. ಹಿಂದಿನ ಫೋಮು ಪುಡಿಯಾಗಿರುತ್ತದೆ. ನೋಡಲು ಕೆಟ್ಟದ್ದು, ಬೋಟಿಗೆ ಅಪಾಯವಿಲ್ಲ.

ವೇಗಾಕ್ಕೆ ಕೀಲ್ ಬೋಲ್ಟಿನ ಚಿಂತೆಯೇ ಇಲ್ಲ. ತಳದ ಕಬ್ಬಿಣ ಫೈಬರ್ ಒಡಲಿನ ಒಳಗೇ ಮುಚ್ಚಿಹೋಗಿದೆ. ಇದು ನನಗೆ ಬಹಳ ಹಿಡಿಸಿತು. ಆದರೆ ಕಲ್ಲಿಗೆ ಬಡಿದು ಕೀಲ್ ತಳದ ಫೈಬರ್ ಒಡೆದಿದ್ದರೆ, ಒಳಗೆ ನೀರು ಸೇರಿ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಬಗ್ಗಿ ಕೀಲ್‌ನ ತಳ ನೋಡಲೇಬೇಕು. ಎರಡನೇ ಜಾಗ ಹಾಯಿಕಂಬದ ಬುಡ. ಕಂಬ ಡೆಕ್ಕಿನ ಮೇಲೆ ನಿಲ್ಲುತ್ತದೆ, ಕೆಳಗೆ ಒಂದು ತೊಲೆ ಆ ಭಾರ ಹೊರುತ್ತದೆ. ವರ್ಷಾನುಗಟ್ಟಲೆ ಆದ ಮೇಲೆ ಆ ತೊಲೆ ಬಗ್ಗುವುದುಂಟು. ಪತ್ತೆ ಸುಲಭ: ಕಂಬದ ಸುತ್ತ ಡೆಕ್ ತಗ್ಗಾಗಿ ಮಳೆನೀರು ನಿಂತ ಗುರುತು ಇದೆಯಾ, ಕೆಳಗಿನ ಬಾಗಿಲು ಚೌಕಟ್ಟಿಗೆ ತಾಕುತ್ತದೆಯಾ ನೋಡಿ. ಈ ವೇಗಾದಲ್ಲಿ ಬಾಗಿಲು ಸಲೀಸಾಗಿ ಹಾಕಿತು.

ಮೂರನೆಯದು ಎಂಜಿನ್. ಹಳೇ ವೇಗಾಗಳಲ್ಲಿ ಪೆಟ್ರೋಲ್ ಎಂಜಿನ್ನೂ, ರೆಕ್ಕೆಯ ಕೋನವನ್ನೇ ತಿರುಗಿಸುವ ಪ್ರೊಪೆಲ್ಲರೂ ಬರುತ್ತಿತ್ತು. ಜಾಣ ವ್ಯವಸ್ಥೆ, ಆದರೆ ಬಿಡಿಭಾಗಕ್ಕೆ ಹುಡುಕಾಡಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಒಂದು ಕಿಡಿ ಸಾಕು. ಡೀಸೆಲ್‌ಗೆ ಬದಲಿಸಿದ ವೇಗಾ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಸೆಂಟಾರ್‌ನಲ್ಲಿ ಡೀಸೆಲ್ ಇರುತ್ತದೆ. ಸಮುದ್ರದ ನೀರಿನಿಂದಲೇ ನೇರ ತಂಪಾಗುವ ಹಳೇ ಎಂಜಿನ್ ಆದರೆ ಒಳದಾರಿಗಳು ಉಪ್ಪು, ತುಕ್ಕಿನಿಂದ ಕಟ್ಟಿರಬಹುದು. ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ. ಕೈ ಇಟ್ಟು ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಶುರುವಾದ ಮೇಲೆ ಹೊಗೆ ನೋಡಿ: ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆ, ಕಪ್ಪು ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ಎರಡಕ್ಕೂ ಸಮಾನವಾದವು ಕೆಲವಿವೆ. ಕಂಬ ಹಿಡಿದ ಸ್ಟೀಲ್ ತಂತಿಗಳ ಮೇಲೆ ಹತ್ತಿಬಟ್ಟೆ ಸುತ್ತಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಒಂದು ಎಳೆ ಹರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಹತ್ತು, ಹದಿನೈದು ವರ್ಷಕ್ಕಿಂತ ಹಳೇ ತಂತಿಗೆ ಅಲ್ಲಿನ ಎಷ್ಟೋ ವಿಮೆಯವರು ತಕರಾರು ತೆಗೆಯುತ್ತಾರೆ. ಒಡಲಿನ ಕೆಳಗಿರುವ ನೀರಿನ ವಾಲ್ವುಗಳನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಳದಿ ಹೊಳೆದರೆ ಲೋಹ ಜೀವಂತ. ಗುಲಾಬಿ ಬಣ್ಣ ಬಂದರೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಬರೀ ತಾಮ್ರದ ಜಾಳಿಗೆ ಉಳಿದಿದೆ, ಕೈಯಿಂದ ತಿರುಗಿಸಿದರೂ ಮುರಿದೀತು. ಮುಳುಗುವ ಬೋಟು ಮುಳುಗುವುದು ಇಂಥ ಅಂಗೈಯಗಲದ ಭಾಗಗಳಿಂದಲೇ.

ದುಡ್ಡಿನ ಲೆಕ್ಕ

ಇಷ್ಟು ನೋಡಿದ ಮೇಲೆ ಒಂದು ಹಾಳೆಯಲ್ಲಿ ಎರಡೂ ಬೋಟಿಗೆ ಮೂರು ಮೂರು ಸಾಲು ಮಾಡಿ. ನೀರಿಗಿಳಿಯುವ ಮೊದಲು ಆಗಲೇಬೇಕಾದ್ದು, ಒಂದು ವರ್ಷದೊಳಗೆ ಆಗಬೇಕಾದ್ದು, ಆಮೇಲೆ ನೋಡಿಕೊಳ್ಳೋಣ ಅನ್ನುವುದು. ಮೊದಲ ಎರಡು ಸಾಲಿನ ಖರ್ಚನ್ನು ಕೇಳಿದ ಬೆಲೆಗೆ ಕೂಡಿಸಿ. ಅದೇ ನಿಜವಾದ ಬೆಲೆ. ಅಳಿಯನ ಹಾಳೆಯಲ್ಲಿ ವೇಗಾ ಕೇಳಿದ ಬೆಲೆಗೆ ಸೋವಿ ಇತ್ತು. ಚುಕ್ಕಾಣಿಯ ಗುಳ್ಳೆ, ಹಳೇ ಪೆಟ್ರೋಲ್ ಎಂಜಿನ್, ಡೆಕ್ಕಿನ ಮುಂಭಾಗದಲ್ಲಿ ದಬ್ ಅಂದ ಎರಡು ಜಾಗ, ಎಲ್ಲ ಕೂಡಿಸಿದಾಗ ಸೆಂಟಾರ್‌ಗಿಂತ ಮೇಲೆ ಹೋಯಿತು. ಒಣ ಜಾಗ ಬಿಟ್ಟು ಮರೀನಾ ಬಾಡಿಗೆಯನ್ನೂ ಸೇರಿಸಿದಾಗ ಇನ್ನೂ ಮೇಲೆ.

ಸಂಸಾರ ಇಲ್ಲದವನಾಗಿದ್ದರೆ, ಇಂಗ್ಲಿಷ್ ಚಾನೆಲ್ ಸಮುದ್ರ ದಾಟಿ ಫ್ರಾನ್ಸ್ ಕಡೆ ಹೋಗಿ ಬರುವ ಆಸೆ ಇದ್ದಿದ್ದರೆ, ಡೀಸೆಲ್ ಹಾಕಿದ ಇನ್ನೊಂದು ವೇಗಾ ಹುಡುಕು ಅನ್ನುತ್ತಿದ್ದೆ. ಅಷ್ಟು ಇಷ್ಟವಾಯಿತು ನನಗೆ ಆ ಬೋಟು. ಆದರೆ ಇವನಿಗೆ ಇಬ್ಬರು ಸಣ್ಣ ಮಕ್ಕಳು. ಶನಿವಾರ ಹೋಗಿ ಭಾನುವಾರ ಬರುವವನು. ಸೆಂಟಾರ್ ತಗೋ ಅಂದೆ.

ಆದರೂ ನನ್ನ ಮಾತಿನ ಮೇಲೆ ದುಡ್ಡು ಕೊಡಬೇಡ ಅಂತಲೂ ಹೇಳಿದೆ. ಬೆಲೆ ಒಪ್ಪಿಕೊಳ್ಳುವಾಗ "ಸರ್ವೆ ಸರಿ ಬಂದರೆ ಮಾತ್ರ" ಅಂತ ಬರೆಸಿಕೊಳ್ಳಬೇಕು. ಸರ್ವೆ ಅಂದರೆ ಬೋಟು ಬಲ್ಲವರು ಮಾಡುವ ತಪಾಸಣೆ. ಸರ್ವೆಯವರನ್ನು ನೀವೇ ಹುಡುಕಿ, ಮಾರುವವರು ಹೇಳಿದವರನ್ನು ಬೇಡ. ತೇವ ಅಳೆಯುವ ಮೀಟರಿನ ಅಂಕಿ ಬೋಟು ನೀರಿನಿಂದ ಎತ್ತಿದ ದಿನವೇ ಜಾಸ್ತಿ ತೋರಿಸುತ್ತದೆ, ಕೆಲವು ದಿನ ಬಿಟ್ಟು ನೋಡಿದ ಅಂಕಿಗೆ ಬೆಲೆ ಇದೆ. ಗಾಳಿ ಇರುವ ದಿನ ಒಮ್ಮೆ ನೀರಿಗೆ ಇಳಿಸಿ, ಎಲ್ಲ ಹಾಯಿಗಳನ್ನೂ ಏರಿಸಿ ಓಡಿಸಿ ನೋಡಬೇಕು. ಮಾರಾಟ ಪತ್ರಗಳು ಮೊದಲ ಮಾಲೀಕರಿಂದ ಇವತ್ತಿನವರೆಗೆ ಸರಪಳಿಯ ಹಾಗೆ ಸೇರುತ್ತವೆಯಾ ಅನ್ನುವುದನ್ನೂ, ತೆರಿಗೆ ಕಟ್ಟಿದ ದಾಖಲೆಯನ್ನೂ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಹಣ.

ಕೊಂಡ ಮೇಲೆ ಎಲ್ಲರಿಗೂ ಮೊದಲು ಬಣ್ಣ ಹೊಡೆಯುವ ಆಸೆ. ಅದನ್ನು ತಡೆಯಿರಿ. ಮೊದಲು ವಾಲ್ವುಗಳು, ಅವಕ್ಕೆ ಜೋಡಿಸಿದ ರಬ್ಬರ್ ಪೈಪು, ಪ್ರತಿ ಪೈಪಿಗೆ ಎರಡೆರಡು ಕ್ಲಿಪ್ಪು, ತಳದ ನೀರು ಎತ್ತುವ ಪಂಪು. ಆಮೇಲೆ ಡೆಕ್ಕಿನ ಒಂದೊಂದೇ ಕೊಂಡಿ ಬಿಚ್ಚಿ, ತೂತಿನ ಒಳಗಿನ ಮರವನ್ನು ಸ್ವಲ್ಪ ಕೆರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಮತ್ತೆ ತೂತು ಕೊರೆದು ಸೀಲಂಟ್ ಹಾಕಿ ಕೂರಿಸಿ. ಹಾಗೆ ಮಾಡಿದರೆ ಮುಂದೆ ಯಾವತ್ತಾದರೂ ಸೀಲಂಟ್ ಬಿಟ್ಟರೂ ನೀರಿಗೆ ಎಪಾಕ್ಸಿ ಸಿಗುತ್ತದೆ, ಮರ ಸಿಗುವುದಿಲ್ಲ. ಬಣ್ಣವನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು.